ಮೂರನೆಯ ಸುತ್ತಿನ ಟಕ್

ಏರ್‌ಪೋರ್ಟು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನನ್ನ ಪೆಟ್ಟಿಗೆ ತೆರೆಸಿದ ಅಧಿಕಾರಿ ಚಟ್ನಿಪುಡಿಯನ್ನು ಮೂರು ಸಲ ಮೂಸಿ ನೋಡಿದ. ಹುರಿಗಡಲೆ, ಒಣಮೆಣಸಿನಕಾಯಿ, ಕೊಬ್ಬರಿ, ಇಂಗು ಎಂದು ಒಂದೊಂದನ್ನೂ ನನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಿದೆ. ಇಂಗು ಎಂದರೇನೆಂದು ಅವನಿಗೆ ತಿಳಿಯುವಷ್ಟರಲ್ಲಿ ನನ್ನ ಹಿಂದಿನ ಸಾಲು ಎರಡರಷ್ಟಾಗಿತ್ತು. ಕೊನೆಗೆ ಅವನು ಜೋರಾಗಿ ಸೀನಿದ. ಪರೀಕ್ಷೆ ಮುಗಿಯಿತೆಂದು ಅದರಿಂದಲೇ ಅವನಿಗೂ ಅನ್ನಿಸಿರಬೇಕು, ಪೊಟ್ಟಣವನ್ನು ಒಳಗಿಟ್ಟ. ಅದರ ಕೆಳಗೆ, ಎರಡು ರೇಷ್ಮೆ ಸೀರೆಗಳ ನಡುವೆ ನಾನು ಮಲಗಿಸಿದ್ದ ಗ್ರಾಮಫೋನ್ ರೆಕಾರ್ಡನ್ನು ಅವನು ಮುಟ್ಟಿಯೂ ನೋಡಲಿಲ್ಲ. ನನ್ನ ಸಾಮಾನಿನಲ್ಲಿ ಅಪಾಯದ್ದು ಅಂತ ಇದ್ದದ್ದು ಅದೊಂದೇ.

ಆ ರೆಕಾರ್ಡಿನ ವಿಷಯ ಹೇಳದೆ ಮುಂದೆ ಹೋದರೆ, ನಾನು ಅಮೆರಿಕಕ್ಕೆ ಹೋದದ್ದು ತಂಗಿಯನ್ನು ನೋಡಲು ಎಂದು ನೀವು ನಂಬಿಬಿಡುತ್ತೀರಿ. ತಂಗಿ ಸುಮಾ ಕೂಡ ಹಾಗೆಯೇ ನಂಬಿದ್ದಳು.

ನಲವತ್ತು ವರ್ಷದ ಹಿಂದೆ ಮೈಸೂರಿನಲ್ಲಿ ನಮ್ಮ ಮನೆಯ ಮೇಲಿನ ಕೋಣೆಗೆ ಐರ್ಲೆಂಡಿನ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಳು. ಯೋಗ ಕಲಿಯಲು ಬಂದವಳು. ಊರಿಗೆ ಹೊರಡುವಾಗ ನೆನಪಿಗೆಂದು ತನ್ನ ದೇಶದ ಜನಪದ ಸಂಗೀತದ ರೆಕಾರ್ಡೊಂದನ್ನು ನಮ್ಮವರ ಕೈಗಿಟ್ಟಳು. ಅವರ ಕಡೆ ಅದನ್ನು ಕೇಳದವರೇ ಇಲ್ಲವಂತೆ. ರಕ್ಷಾಪುಟದ ಮೇಲೆ ಕಲ್ಲುಗೋಡೆಯ ಮುಂದೆ ಐದು ಜನ ಗಂಡಸರು ಕೂತಿದ್ದಾರೆ, ಒಬ್ಬನ ಕಂಕುಳಲ್ಲಿ ತೊಗಲಿನ ಚೀಲದ ವಾದ್ಯ. ಎಲ್ಲರ ಮುಖವೂ ಈಗಷ್ಟೇ ಸಾವಿನ ಮನೆಯಿಂದ ಬಂದ ಹಾಗಿದೆ. ಮುಳ್ಳು ಇಟ್ಟರೆ ಮಾತ್ರ ಒಳಗೆ ಕುಣಿತವೋ ಕುಣಿತ.

ನಮ್ಮವರು, ಅಂದರೆ ಪಿಟೀಲು ವಿದ್ವಾನ್ ಶೇಷಗಿರಿಯವರು, ಅದನ್ನು ಒಂದು ಸಲವೂ ಕೇಳುವ ಮೊದಲೇ ಹಾಸನಕ್ಕೆ ಕಛೇರಿಗೆ ಹೋಗಿದ್ದ ದಿನ ನಾನು ಆ ರೆಕಾರ್ಡಿನ ದೂಳು ಒರೆಸಲು ಹೋದೆ. ಕೈಬಳೆ ಸರ್ರೆಂದಿತು. ಬೆರಳುದ್ದದ ಗೀರು, ಒಂದು ಕಡೆ ಮಾತ್ರ ಆಳ. ಮದುವೆಯಾಗಿ ಎಂಟು ತಿಂಗಳು. ಹೇಳಲು ಭಯವಾಗಿ ಹಾಗೆಯೇ ಒಳಗಿಟ್ಟೆ. ಭಯ ಹೋದ ಮೇಲೆ ನಾಚಿಕೆ ಬಂತು. ಆಮೇಲಂತೂ ಹೇಳುವ ಹಾಗೆಯೇ ಇರಲಿಲ್ಲ, ಏಕೆಂದರೆ ಅವರು ಲೇಖನ ಬರೆದುಬಿಟ್ಟಿದ್ದರು.

ಲೇಖನದ ವಿಷಯ ಇಷ್ಟು. ಆ ರೆಕಾರ್ಡಿನ ಮೂರನೆಯ ಮಟ್ಟು ಆರಾರು ಅಕ್ಷರದ, ಅಂದರೆ ಆರಾರು ಎಣಿಕೆಯ ಕುಣಿತದ ಮಟ್ಟು. ಅದನ್ನು ಮೂರು ಸುತ್ತು ನುಡಿಸುತ್ತಾರೆ. ಎರಡು ಸುತ್ತು ನೆಟ್ಟಗೆ ಹೋಗುತ್ತದೆ. ಮೂರನೆಯ ಸುತ್ತಿನ ಕೊನೆಗೆ ಬಂದಾಗ 'ಟಕ್' ಎಂದು ಯಾರೋ ಕಾಲಿನಿಂದ ನೆಲ ಕುಟ್ಟುತ್ತಾರೆ, ಕೂಡಲೇ ವಾದ್ಯಗಳೆಲ್ಲ ಒಟ್ಟಾಗಿ ಹನ್ನೊಂದು ಅಕ್ಷರ ಹಾರಿ ಮುಂದಿನ ಮಟ್ಟಿಗೆ ಇಳಿಯುತ್ತವೆ. ಒಂದು ಸುತ್ತಿನ ತೊಂಬತ್ತಾರು ಅಕ್ಷರದಲ್ಲಿ ಹನ್ನೊಂದು ಕಳೆದರೆ ಎಂಬತ್ತೈದು. ಹದಿನೇಳೈದ್ಲ ಎಂಬತ್ತೈದು. ಐದು ಹದಿನೇಳುಗಳ ಇಂಥ ಮುಕ್ತಾಯವನ್ನು ನಮ್ಮ ಮೃದಂಗದವರೂ ಕನಸಿನಲ್ಲಿ ಕಂಡಿಲ್ಲ, ರಕ್ಷಾಪುಟದ ಮೇಲಿನ ಆ ಬಡ ಕುರುಬರು ಮಾತಿಲ್ಲದೆ ನುಡಿಸುತ್ತಾರೆ ಎಂದು ನಮ್ಮವರು ಬರೆದರು. ಮೆಚ್ಚಿದವರು ಬಹಳ. ಶಿಷ್ಯರಿಗೆಲ್ಲ ಆ ಮಟ್ಟನ್ನು ಕಲಿಸಿದರು, ಟಕ್ ಬರುವಲ್ಲಿ ಎಲ್ಲರೂ ಬಲಗಾಲು ಕುಟ್ಟಬೇಕು. ಅವರು ಹೋಗಿ ನಾಲ್ಕು ವರ್ಷವಾದರೂ ನಮ್ಮ ಹಜಾರದಲ್ಲಿ ಅದನ್ನು ನಾನೇ ಕುಟ್ಟಿಸುತ್ತಿದ್ದೇನೆ.

ಈಗ ಮೈಸೂರಿನ ಸಭೆಯೊಂದು ಅವರ ನೆನಪಿನ ಸಂಪುಟ ತರುತ್ತಿದೆ. ಆ ಲೇಖನ ಮೊದಲ ಪುಟಕ್ಕೆ. ಸಂಪಾದಕರು ವಾರಕ್ಕೆರಡು ಸಲ ಫೋನು ಮಾಡಿ ಒಪ್ಪಿಗೆ ಕೇಳುತ್ತಿದ್ದರು. ಆ ಟಕ್ ಐರ್ಲೆಂಡಿನದೋ ನನ್ನ ಬಳೆಯದೋ ಎಂದು ತಿಳಿಯದೆ ನಾನು ಹೇಗೆ ಒಪ್ಪಲಿ? ತಂಗಿ ಇರುವ ಕಡೆ ಐರ್ಲೆಂಡಿನವರು ಬಹಳ ಎಂದು ಕೇಳಿದ್ದರಿಂದ, ಅಮೆರಿಕಕ್ಕೆ ಹೋಗಿ ಬಂದು ಹೇಳುತ್ತೇನೆ ಎಂದೆ. ಫೋನಿನಲ್ಲಿ ಹುಡುಕಿದರೆ ಆ ಸಂಗೀತ ಒಂದು ನಿಮಿಷಕ್ಕೆ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ. ನಾನು ಹುಡುಕಲಿಲ್ಲ. ಹೆದರಿಕೆ.

ವಾಲ್ನಟ್ ಕ್ರೀಕ್

ಇಲ್ಲಿನ ನಿಶ್ಶಬ್ದಕ್ಕೆ ಒಗ್ಗಿಕೊಳ್ಳಲು ನನಗೆ ಮೂರು ದಿನ ಬೇಕಾಯಿತು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಸೊಪ್ಪಿನವಳು ಕೂಗದಿದ್ದರೆ ಊರಿಗೆ ಏನೋ ಆಗಿದೆ ಎಂದರ್ಥ. ಸುಮಾಳ ಬೀದಿಯಲ್ಲಿ ಒಂದು ನಾಯಿ ಬೊಗಳಿದರೆ ಯಜಮಾನ ಹೊರಬಂದು ಇಡೀ ಬೀದಿಗೆ ಕೇಳುವ ಹಾಗೆ ಕ್ಷಮೆ ಕೇಳುತ್ತಾನೆ.

ನಾಲ್ಕನೆಯ ದಿನ ನಾನು ಕಿಟಕಿಯ ಬಳಿ ಕೂತು ಪಿಟೀಲು ಅಭ್ಯಾಸ ಮಾಡಿದೆ. ಮರುದಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಪಕ್ಕದ ಮನೆಯ ಮುದುಕ ಬರೆದದ್ದು: ಸಂಗೀತ ತುಂಬ ಚೆನ್ನಾಗಿದೆ, ಕಿಟಕಿ ತೆರೆದೇ ಇಡಿ. ನನಗೆ ಹಿಗ್ಗೋ ಹಿಗ್ಗು. ಸುಮಾ ಮಾತ್ರ ಚೀಟಿಯನ್ನು ಎರಡು ಸಲ ಓದಿ ಕಿಟಕಿ ಮುಚ್ಚಿದಳು.

"ಇಲ್ಲಿ ಕಂಪ್ಲೇಂಟೂ ಹೀಗೇ ಸ್ವೀಟಾಗಿ ಮಾಡ್ತಾರೆ ಅಕ್ಕ," ಎಂದಳು.

ಇಪ್ಪತ್ತೆರಡು ವರ್ಷ ಇಲ್ಲಿದ್ದೂ ಅವಳಿಗೆ ಹೊಗಳಿಕೆ ಯಾವುದು ದೂರು ಯಾವುದು ಎಂದು ಖಚಿತವಿಲ್ಲ. ನಮ್ಮೂರ ಸಭೆಯ ಕಾರ್ಯದರ್ಶಿಗಳ ಭಾಷಣ ಕೇಳಿ ಬೆಳೆದ ನನಗೂ ಆ ವಿದ್ಯೆ ಅಷ್ಟಕ್ಕಷ್ಟೆ.

ಅವಳ ಮಗಳು ಅನಿಕಾಳಿಗೆ ಹದಿನಾರು. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳ ಕೋಣೆಯಲ್ಲಿ ಹೊಚ್ಚಹೊಸ ಗ್ರಾಮಫೋನ್ ಪೆಟ್ಟಿಗೆ ನೋಡಿ ಬೆರಗಾದೆ. ನಮ್ಮದನ್ನು ಗುಜರಿಯವನಿಗೆ ಕೊಟ್ಟು ಎಷ್ಟೋ ಕಾಲವಾಯಿತು. ಇಲ್ಲಿನ ಮಕ್ಕಳು ಅದನ್ನು ಹುಟ್ಟುಹಬ್ಬಕ್ಕೆ ಕೇಳಿ ತರಿಸಿಕೊಳ್ಳುತ್ತಾರೆ. ಅನಿಕಾ ನನ್ನ ರೆಕಾರ್ಡನ್ನು ದೀಪಕ್ಕೆ ಹಿಡಿದಳು.

"ದೊಡ್ಡಮ್ಮ, ದೇರ್ ಈಸ್ ಎ ಹ್ಯೂಜ್ ಸ್ಕ್ರಾಚ್. ಇಟ್ ಮಸ್ಟ್ ಸ್ಕಿಪ್, ರೈಟ್?"

ಗೀರಿನ ಮೇಲೆ ಮುಳ್ಳು ಹಾರಿ ಮುಂದಿನ ಗೆರೆಗೆ ಬೀಳುತ್ತದಲ್ಲವೇ ಎಂದು ಅವಳ ಪ್ರಶ್ನೆ. ನಲವತ್ತು ವರ್ಷದಲ್ಲಿ ಒಬ್ಬ ವಿದ್ವಾಂಸರೂ ನೋಡದ್ದನ್ನು ಅವಳು ಐದು ಸೆಕೆಂಡಿನಲ್ಲಿ ನೋಡಿದ್ದಳು. ವಿದ್ವಾಂಸರು ಯಾರೂ ರೆಕಾರ್ಡು ನೋಡುವುದಿಲ್ಲ, ಕಣ್ಣು ಮುಚ್ಚಿ ಕೇಳುತ್ತಾರೆ. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ, ಬಳೆ, ಹಾಸನ, ಲೇಖನ, ಸಂಪುಟ. ಬೇರೆ ಭಾಷೆಯಲ್ಲಿ ಉತ್ತರ ಕೊಡುವವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ. ಅವಳು ಕೂಡಲೇ ಫೋನು ತೆಗೆದಳು. ನಾನು ಅದರ ಮೇಲೆ ಕೈಯಿಟ್ಟೆ. ಯಂತ್ರದಿಂದ ಬೇಡ, ನುಡಿಸುವವರ ಕೈಯಿಂದಲೇ ಕೇಳುತ್ತೇನೆ ಎಂದೆ. ಹಲ್ಲಿನ ಡಾಕ್ಟರ ಹತ್ತಿರ ಬರಲು ಒಲ್ಲೆ ಎನ್ನುವ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಆದರೂ ಹುಡುಕಿದಳು. ಕ್ಯಾಂಪ್‌ಬೆಲ್‌ನ ಪಬ್ಬೊಂದರಲ್ಲಿ ಭಾನುವಾರ ಮಧ್ಯಾಹ್ನ ಐರ್ಲೆಂಡಿನ ಸಂಗೀತದವರು ಸೇರುತ್ತಾರಂತೆ.

ಡ್ಯಾನ್‌ವಿಲ್

ಅದಕ್ಕೆ ಮೊದಲು ಶನಿವಾರ ಡ್ಯಾನ್‌ವಿಲ್‌ನ ಕನ್ನಡದವರೊಬ್ಬರ ಮನೆಯಲ್ಲಿ ಮಕ್ಕಳ ಸಂಗೀತವಿತ್ತು. ಬಾಗಿಲ ಹೊರಗೆ ಅರವತ್ತು ಜೋಡಿ ಶೂ. ಒಳಗೆ ಹೊಳೆಯುವ ಮರದ ನೆಲ, ಮಕ್ಕಳ ಕಾಲಿಗೆ ಕಾಲುಚೀಲ, ತಾಯಂದಿರ ಕೈಯಲ್ಲಿ ಫೋನು. ಮೇಷ್ಟ್ರು ಯಾರೆಂದರೆ ನಮ್ಮ ಶ್ರೀಕಂಠಯ್ಯನವರು.

ಇವರು ಮಂಡ್ಯದ ಕಡೆಯವರು, ಮೃದಂಗದಲ್ಲಿ ಎತ್ತಿದ ಕೈ. ನಮ್ಮವರ ಜೊತೆ ಮೂವತ್ತು ವರ್ಷ ನುಡಿಸಿದವರು. ಹದಿನೇಳೈದ್ಲ ಎಂಬತ್ತೈದು ಎಂದು ಮೊದಲು ಬೆರಳು ಮಡಿಸಿ ಹೇಳಿದ್ದೂ ಇವರೇ. ಈಗ ಕ್ಯಾಂಪ್‌ಬೆಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ, ವಾರದ ಕೊನೆಗೆ ಪಾಠ, ನಮ್ಮವರಿಂದ ಕಲಿತ ಪಿಟೀಲನ್ನೂ ಹೇಳಿಕೊಡುತ್ತಾರೆ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೊನೆಯದಾಗಿ ಒಂದು ವಿಶೇಷ ಐಟಂ ಇದೆ ಎಂದು ಕಣ್ಣು ಮಿಟುಕಿಸಿದರು.

ಹದಿನೈದು ಮಕ್ಕಳು ಪಿಟೀಲು ಹಿಡಿದು ಆ ಮಟ್ಟು ನುಡಿಸಿದರು. ಒಂದು ಸುತ್ತು. ಎರಡು ಸುತ್ತು. ಮೂರನೆಯ ಸುತ್ತಿನ ಕೊನೆಗೆ ಕಾಲುಚೀಲದ ಹದಿನೈದು ಪಾದ ಒಟ್ಟಿಗೆ ನೆಲಕ್ಕೆ ಬಿದ್ದವು, ಮೇಲಿನ ಗಾಜಿನ ದೀಪದ ಗೊಂಚಲು ಅಲ್ಲಾಡಿತು. ಮನೆಯಾಕೆ ಗೊಂಚಲನ್ನೇ ನೋಡುತ್ತ ಚಪ್ಪಾಳೆ ತಟ್ಟಿದರು. ನನ್ನ ಬಳೆ ಏಳು ಸಮುದ್ರ ದಾಟಿ ಡ್ಯಾನ್‌ವಿಲ್‌ನಲ್ಲಿ ಮನೆಮಾಡಿಕೊಂಡಿತ್ತು. ಇವರಲ್ಲಿ ಒಂದು ಮಗುವಾದರೂ ತಪ್ಪು ಮಾಡಬಾರದೇ ಎಂದು ನಾನು ಕಾದಿದ್ದೆ. ಒಬ್ಬರೂ ಮಾಡಲಿಲ್ಲ.

ಊಟದ ಹೊತ್ತಿಗೆ ಅನಿಕಾ ಬಾಯಿಬಿಟ್ಟಳೋ ಏನೋ, ನಾಳೆ ನಾವು ಪಬ್ಬಿಗೆ ಹೋಗುವುದು ಶ್ರೀಕಂಠಯ್ಯನವರಿಗೆ ತಿಳಿದುಹೋಯಿತು. ತಟ್ಟೆಯಲ್ಲಿ ಬಿಸಿಬೇಳೆಬಾತು ಹಿಡಿದು ಬಂದು ನನ್ನ ಪಕ್ಕ ಕೂತರು.

"ನಾನೂ ಬತ್ತೀನಿ ವಿಜಯಮ್ಮ. ನಮ್ ಶೇಷಗಿರಿ ಕಂಡಿದ್ದನ್ನ ಅವರ ಬಾಯಲ್ಲೇ ಕೇಳ್ಕೊಂಡು ಬರಾಣ. ಬುಕ್ಕಿಗೂ ಆಯ್ತದೆ," ಎಂದರು.

ಬೇಡ ಎನ್ನಲು ನನಗೆ ಒಂದು ಕಾರಣವೂ ಹೊಳೆಯಲಿಲ್ಲ. ನಿಜವಾದ ಕಾರಣ ಒಂದಿತ್ತು, ಅದನ್ನು ಹೇಳುವ ಹಾಗಿರಲಿಲ್ಲ.

ಕ್ಯಾಂಪ್‌ಬೆಲ್

ಪಬ್ಬಿನ ಬಾಗಿಲಲ್ಲೇ ಮೊದಲ ಎಡವಟ್ಟು. ಸಂಗೀತ ನಡೆಯುವ ಜಾಗವೆಂದು ನಾನೂ ಶ್ರೀಕಂಠಯ್ಯನವರೂ ಅಭ್ಯಾಸಬಲದಿಂದ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಐದು ನಿಮಿಷಕ್ಕೆ ಅಲ್ಲಿನ ಹುಡುಗಿ ನಾಲ್ಕೂ ಚಪ್ಪಲಿಗಳನ್ನು ತಂದು, ಯಾರೋ ಕಳೆದುಕೊಂಡದ್ದೆಂದು, ಗಿರಾಕಿಗಳು ಮರೆತುಹೋದ ಛತ್ರಿ, ಕನ್ನಡಕಗಳ ಗೂಡಿನಲ್ಲಿ ಇಟ್ಟಳು. ಶ್ರೀಕಂಠಯ್ಯನವರು ಕಾಫಿ ಕೇಳಿದರು. ಅದರಲ್ಲಿ ಬೇರೇನೂ ಬೆರೆಸಬೇಡಿ ಎಂದು ಮೂರು ಸಲ ಹೇಳಿದ್ದರಿಂದ ಹಾಲೂ ಇಲ್ಲದ ಕಾಫಿ ಬಂತು.

ಸಂಗೀತದವರು ಹತ್ತು ಹನ್ನೊಂದು ಜನ. ವೇದಿಕೆಯಿಲ್ಲ, ಮೈಕಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ವೃತ್ತವಾಗಿ ಕೂತಿದ್ದರು, ಕೇಳುವವರ ಕಡೆಗೆ ಬೆನ್ನು. ನಡುವೆ ಹುರಿದ ಆಲೂಗೆಡ್ಡೆಯ ತಟ್ಟೆ. ಯಾರೋ ಒಬ್ಬರು ಒಂದು ಮಟ್ಟು ಶುರುಮಾಡುತ್ತಾರೆ, ಗೊತ್ತಿದ್ದವರು ಸೇರಿಕೊಳ್ಳುತ್ತಾರೆ. ಗೊತ್ತಿಲ್ಲದವರು ವಾದ್ಯ ತೊಡೆಯ ಮೇಲಿಟ್ಟು ಸುಮ್ಮನಿರುತ್ತಾರೆ. ಈ ಕೊನೆಯ ನಿಯಮವನ್ನು ನಮ್ಮೂರಲ್ಲಿ ಜಾರಿಗೆ ತಂದರೆ ಎಷ್ಟೋ ಸಭೆಗಳು ನಡೆಯುವುದೇ ಕಷ್ಟ. ಅಧ್ಯಕ್ಷರಿಲ್ಲ, ಶಾಲಿಲ್ಲ, ನಾಲ್ಕು ಮಾತಿಲ್ಲ. ಸಂಗೀತ ಮುಗಿದರೆ ಚಪ್ಪಾಳೆಯೂ ಇಲ್ಲ, ಒಬ್ಬ ಆಲೂಗೆಡ್ಡೆಗೆ ಕೈಹಾಕುತ್ತಾನೆ ಅಷ್ಟೆ.

ಶ್ರೀಕಂಠಯ್ಯನವರು ತೊಡೆ ತಟ್ಟಿ ತಾಳ ಹಾಕಲು ಶುರುಮಾಡಿದರು. ನಮ್ಮಲ್ಲಿ ಅದು ಮರ್ಯಾದೆ. ಅಲ್ಲಿ ಬ್ಯಾಂಜೋ ಎಂಬ ತಂತಿವಾದ್ಯದ ದಪ್ಪ ಮನುಷ್ಯ ತಿರುಗಿ ತಿರುಗಿ ನೋಡಿದ. ನನ್ನ ಪಕ್ಕದಲ್ಲಿದ್ದ ಬೆಳ್ಳಿಕೂದಲಿನ ಹೆಂಗಸು ನಕ್ಕು ಕುರ್ಚಿ ಸರಿಸಿ ಜಾಗ ಮಾಡಿದಳು. ಹೆಸರು ನೋರಾ, ಪಿಟೀಲಿನವಳು. ಮೊದಲು ಶಾಲೆಯೊಂದರಲ್ಲಿ ನರ್ಸ್ ಆಗಿದ್ದಳಂತೆ. ನನ್ನ ಪೆಟ್ಟಿಗೆ ನೋಡಿ, ನೀನೊಂದು ಶುರುಮಾಡು ಎಂದಳು.

ನಾವು ಪಿಟೀಲಿನ ತಲೆಯನ್ನು ಕಾಲಿನ ಗಿಣ್ಣಿಗೆ ಆನಿಸಿ ನುಡಿಸುವವರು, ಕುರ್ಚಿಯ ಮೇಲೆ ಆಗುವ ಮಾತಲ್ಲ. ನೆಲದ ಮೇಲೆ ಕೂತೆ. ಅನಿಕಾ ನಾಚಿಕೆಯಿಂದ ತನ್ನ ಜಾಕೆಟ್ಟು ಹಾಸಿಕೊಟ್ಟಳು. ಹನ್ನೊಂದು ಜನ ಕುರ್ಚಿಯಿಂದ ಬಗ್ಗಿ ನನ್ನನ್ನು ನೋಡಿದರು. ರೆಕಾರ್ಡಿನ ಶ್ರುತಿಗೆ ತಂತಿ ಕೂಡಿಸುವುದನ್ನು ನಮ್ಮವರು ಕಲಿಸಿದ್ದರು. ಹಾಗೆಯೇ ಕೂಡಿಸಿ ಶುರುಮಾಡಿದೆ.

ನಾಲ್ಕು ಸ್ವರ ಮುಗಿಯುವ ಮೊದಲೇ ಅವರಿಗೆ ಗುರುತು ಸಿಕ್ಕಿತು. ನೋರಾ ಬಂದಳು, ಕೊಳಲಿನವನು ಬಂದ, ಬ್ಯಾಂಜೋದವನೂ ಬಂದ. ಆ ಸುಖವನ್ನು ನಾನು ಹೇಗೆ ಹೇಳಲಿ? ನಲವತ್ತು ವರ್ಷ ನಮ್ಮ ಹಜಾರದಲ್ಲಿ ನುಡಿಸಿದ ಮಟ್ಟು, ಇಲ್ಲಿ ಹೆಸರೂ ತಿಳಿಯದ ಹನ್ನೊಂದು ಜನಕ್ಕೆ ಬಾಯಿಪಾಠ. ಮೊದಲ ಸುತ್ತು ಹೋಯಿತು, ಎರಡನೆಯದೂ ಹೋಯಿತು. ಮೂರನೆಯದರಲ್ಲಿ ನನಗೆ ಅಳುಕು ಬಂತು. ನೆಟ್ಟಗೆ ಹೋಗಿಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಆದರೆ ಬೆರಳು ನನ್ನ ಮಾತು ಕೇಳಬೇಕಲ್ಲ. ಹಿಂದಿನಿಂದ ಶ್ರೀಕಂಠಯ್ಯನವರ ಬರಿಗಾಲು 'ಟಕ್' ಎಂದು ನೆಲ ಕುಟ್ಟಿತು, ನಾನು ಹನ್ನೊಂದು ಅಕ್ಷರ ಹಾರಿ ಆ ಕಡೆಗೆ ಇಳಿದೆ.

ಅವರು ಹಾರಲಿಲ್ಲ. ಹನ್ನೊಂದು ಜನ ತಮ್ಮ ಪಾಡಿಗೆ ನೆಟ್ಟಗೆ ಹೋದರು, ನಾನೊಬ್ಬಳೇ ಬೇರೆ ಕಡೆ. ಮಟ್ಟು ಕಲಸಿಹೋಗಿ ಒಬ್ಬೊಬ್ಬರಾಗಿ ನಿಲ್ಲಿಸಿದರು. ಬ್ಯಾಂಜೋದವನು ಕೊನೆಗೆ ನಿಲ್ಲಿಸಿದ.

ಯಾರೂ ನಗಲಿಲ್ಲ. ನೋರಾ ಬಗ್ಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಯಾರಿಂದ ಕಲಿತೆ? ಅವರಲ್ಲಿ ಅದೊಂದು ಪದ್ಧತಿಯಂತೆ. ಮಟ್ಟು ನುಡಿಸಿದವರು ಅದು ಯಾರ ಕೈಯಿಂದ ಬಂತು ಎಂದು ಹೇಳಬೇಕು. ಗುರುವಿನಿಂದ ಶಿಷ್ಯನಿಗೆ ಬರುವ ನಮ್ಮ ಪಾಠಾಂತರದ ಹಾಗೆಯೇ, ಜಗಳ ಮಾತ್ರ ಕಡಿಮೆ.

ನಾನು ಬಾಯಿ ತೆರೆಯುವ ಮೊದಲೇ ಶ್ರೀಕಂಠಯ್ಯನವರು ಬೆರಳು ಮಡಿಸಿ ತೊಂಬತ್ತಾರು, ಹನ್ನೊಂದು, ಎಂಬತ್ತೈದು ಎಂದು ವಿವರಿಸತೊಡಗಿದರು. ಅನಿಕಾ ಅದನ್ನು ಇಂಗ್ಲಿಷಿಗೆ ಹೇಳುತ್ತ ಹೋದಳು, ಅವಳ ಕಣ್ಣು ನನ್ನ ಮೇಲೆಯೇ ಇತ್ತು. ನೋರಾ ತಾಳ್ಮೆಯಿಂದ ಕೇಳಿದಳು. ಆ ರೆಕಾರ್ಡನ್ನು ತಾನು ಹುಡುಗಿಯಾಗಿದ್ದಾಗ ಸವೆಯುವಷ್ಟು ಕೇಳಿದ್ದೇನೆ, ಅದರಲ್ಲಿ ಇಂಥದ್ದೇನೂ ಇಲ್ಲ ಎಂದಳು. ಪಿಟೀಲೆತ್ತಿ ಮೂರನೆಯ ಸುತ್ತಿನ ಕೊನೆಯನ್ನು ಒಬ್ಬಳೇ ನುಡಿಸಿದಳು. ನನ್ನ ಬಳೆ ನಲವತ್ತು ವರ್ಷ ನುಂಗಿಕೊಂಡಿದ್ದ ಹನ್ನೊಂದು ಅಕ್ಷರ ಮೊದಲ ಸಲ ನನ್ನ ಕಿವಿಗೆ ಬಿದ್ದವು. ಅವುಗಳಲ್ಲಿ ಏನೂ ವಿಶೇಷವಿರಲಿಲ್ಲ. ಮೊದಲೆರಡು ಸುತ್ತಿನಲ್ಲಿ ಇದ್ದದ್ದೇ.

ಶ್ರೀಕಂಠಯ್ಯನವರ ಮಡಿಸಿದ ಬೆರಳು ಮಡಿಸಿದ ಹಾಗೆಯೇ ಇತ್ತು. ನಾನು ಚೀಲದಿಂದ ರೆಕಾರ್ಡು ತೆಗೆದು ಅವರ ಕೈಗೆ ಕೊಟ್ಟೆ, ಗೀರನ್ನು ತೋರಿಸಿದೆ.

"ಇದು ನನ್ನ ಬಳೆ ಗೀರು ಶ್ರೀಕಂಠಯ್ಯನವರೇ. ಅವರು ಹಾಸನಕ್ಕೆ ಹೋಗಿದ್ದಾಗ ಆಯ್ತು. ಹೆದರಿ ಹೇಳಲಿಲ್ಲ. ಕೊನೇವರೆಗೂ ಹೇಳಲಿಲ್ಲ."

ಅವರು ಆ ಗೀರಿನ ಮೇಲೆ ಉಗುರು ಆಡಿಸಿದರು. ಬೈಯುತ್ತಾರೆ ಎಂದುಕೊಂಡೆ. ತಲೆಯೆತ್ತಿ ಹೇಳಿದರು:

"ಗೀರೇ ಆಗ್ಲಿ ಕಣಮ್ಮ, ಲೆಕ್ಕ ಕೂಡ್ತಾ ಇಲ್ವಾ?"

ಆಮೇಲೆ ಕಾಫಿಯ ಲೋಟ ನೋಡುತ್ತ ಇನ್ನೂ ಒಂದು ಮಾತು ಹೇಳಿದರು. "ನೀನು ಹೇಳಿದ್ರೆ ಶೇಷಗಿರಿ ಒಂದು ವಾರ ಮಾತು ಬಿಡ್ತಿದ್ದ. ಆಮೇಲೆ ಬಿದ್ದು ಬಿದ್ದು ನಗ್ತಿದ್ದ."

ಅದು ನಿಜ. ಅವರು ಹಾಗೆಯೇ ಇದ್ದರು. ಒಂದು ವಾರದ ಮುನಿಸಿಗೆ ಹೆದರಿ ಆ ನಗುವನ್ನು ನಾನು ಕಳೆದುಕೊಂಡಿದ್ದೆ. ಪಬ್ಬಿನ ನೆಲದ ಮೇಲೆ, ಅನಿಕಾಳ ಜಾಕೆಟ್ಟಿನ ಮೇಲೆ ಕೂತು ನಾನು ಅತ್ತೆ. ಯಾರೋ ಆಲೂಗೆಡ್ಡೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಅವರ ಕಡೆ ಸಮಾಧಾನ ಹೇಳುವ ಕ್ರಮ ಅದೇ ಇರಬೇಕು.

ನೋರಾಗೆ ಅನಿಕಾ ಕಥೆಯೆಲ್ಲ ಹೇಳಿದಳು. ಬ್ಯಾಂಜೋದವನು, ಹಾಗಾದರೆ ಇದು ತಪ್ಪು, ಬಿಟ್ಟುಬಿಡಿ ಎಂದ. ನಿನ್ನ ಮಟ್ಟುಗಳಲ್ಲಿ ಅರ್ಧ ನಿನ್ನ ಕಿವುಡು ಚಿಕ್ಕಪ್ಪನಿಂದ ಬಂದದ್ದು, ನೀನು ಸುಮ್ಮನಿರು ಎಂದಳು ನೋರಾ. ಆ ಹಾರುವಿಕೆಯನ್ನು ತನಗೆ ಕಲಿಸು ಎಂದು ನನ್ನನ್ನು ಕೇಳಿದಳು. ಆರು ಸಲ ತಪ್ಪಿದಳು, ಏಳನೆಯ ಸಲಕ್ಕೆ ಬಂತು. ಶ್ರೀಕಂಠಯ್ಯನವರು ತೊಡೆ ತಟ್ಟಿ ಭೇಷ್ ಎಂದರು, ಈ ಸಲ ಬ್ಯಾಂಜೋದವನು ತಿರುಗಿ ನೋಡಲಿಲ್ಲ. ನೋರಾ ಒಂದು ಪುಟ್ಟ ಪುಸ್ತಕ ತೆಗೆದು ಸ್ವರ ಬರೆದುಕೊಂಡಳು. ಮೇಲೆ ಹೆಸರು ಬರೆಯಬೇಕು, ಇದು ಯಾರದೆಂದು ಬರೆಯಲಿ ಎಂದು ಕೇಳಿದಳು.

ನಾನು ಅವರ ಹೆಸರು ಹೇಳಬೇಕಿತ್ತು. ಮೂವತ್ತಾರು ವರ್ಷ ಎಲ್ಲ ಆಹ್ವಾನ ಪತ್ರಿಕೆಗಳಲ್ಲಿ ಅವರ ಹೆಸರು, ಅದರ ಕೆಳಗೆ 'ತಂಬೂರಿ: ಶ್ರೀಮತಿ ಶೇಷಗಿರಿ'. ನನಗೆ ಬೇಸರವೇನೂ ಇರಲಿಲ್ಲ. ಇತ್ತು ಎಂದು ಅವತ್ತು ತಿಳಿಯಿತು.

"ವಿಜಯಾ," ಎಂದೆ.

ಅನಿಕಾ ಒಂದೊಂದೇ ಅಕ್ಷರ ಬಿಡಿಸಿ ಬರೆಸಿದಳು.

ಫ್ರೀವೇ

ವಾಪಸು ಬರುವಾಗ ಫ್ರೀವೇಯಲ್ಲಿ ಕಾರುಗಳು ನಮ್ಮೂರ ಮದುವೆ ಮೆರವಣಿಗೆಯ ಹಾಗೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದವು. ನನ್ನ ಕಾಲಿನಲ್ಲಿ ಸುಮಾಳ ಕಾರಿನಲ್ಲಿದ್ದ ಸ್ನಾನದ ಮನೆಯ ಚಪ್ಪಲಿ, ಏಕೆಂದರೆ ನನ್ನದು ಪಬ್ಬಿನ ಗೂಡಿನಲ್ಲೇ ಉಳಿಯಿತು. ಶ್ರೀಕಂಠಯ್ಯನವರನ್ನು ಮನೆಗೆ ಬಿಟ್ಟಾಗ, ಮಕ್ಕಳಿಗೆ ಕಲಿಸಿದ್ದನ್ನು ಬದಲಾಯಿಸುವುದಿಲ್ಲ, ಆದರೆ ಇನ್ನು ಮೇಲೆ ಯಾರಿಂದ ಬಂತೆಂದು ಹೇಳಿಯೇ ಕಲಿಸುತ್ತೇನೆ ಎಂದು ಅವರೇ ಮಾತು ಕೊಟ್ಟರು. ನಮ್ಮನ್ನು ಕರೆದೊಯ್ಯಲು ಬಂದ ಸುಮಾ, ಅನಿಕಾಳಿಂದ ಎಲ್ಲ ಕೇಳಿ, ಕಾರು ನಡೆಸುತ್ತ, ನನ್ನನ್ನು ನೋಡೋಕೆ ಬಂದಿದ್ದು ಅಂದ್ಕೊಂಡಿದ್ದೆ ಅಕ್ಕ ಎಂದು ಒಂದೆರಡು ಸಲ ಮುನಿಸಿಕೊಂಡಳು.

ಫೋನಿನಲ್ಲಿ ಸಂಪಾದಕರ ಸಂದೇಶ ಕಾದಿತ್ತು: ಲೇಖನಕ್ಕೆ ಒಪ್ಪಿಗೆಯೇ, ಅಮ್ಮ?

ಲೇಖನ ಒಂದಕ್ಷರವೂ ಬದಲಾಗದ ಹಾಗೆ ಮೊದಲ ಪುಟಕ್ಕೇ ಹಾಕಿ ಎಂದು ಬರೆದೆ. ಗೀರಿನ ಕಥೆಯನ್ನು ನಾನು ಎರಡು ಪುಟ ಬರೆದು ಕಳಿಸುತ್ತೇನೆ, ಅದು ಅದರ ಬೆನ್ನಿಗೇ ಬರಲಿ ಎಂದೂ ಸೇರಿಸಿದೆ. ಲೇಖನದ ಕೆಳಗೆ ಒಂದು ಅಡಿಟಿಪ್ಪಣಿ ಮಾತ್ರ ಬೇಕು ಎಂದೆ. ಅನಿಕಾ ಪಕ್ಕದಿಂದ ಇಣುಕಿ, ಓದಲು ಕನ್ನಡ ಬಾರದೆ, ವಾಟ್ ಡಸ್ ಇಟ್ ಸೇ ಎಂದಳು. ಓದಿ ಹೇಳಿದೆ:

'ಮೂರನೆಯ ಸುತ್ತಿನ ಮುಕ್ತಾಯ. ರಚನೆ: ವಿಜಯಾ. ವಾದ್ಯ: ಬಳೆ.'